ಷಡ್ಡಕನ ಗಾಡಿಯ ಮುಳ್ಳು

ಹೊಟ್ಟೆಕಿಚ್ಚು ದೊಡ್ಡ ವಸ್ತುಗಳನ್ನೇ ಹುಡುಕಿಕೊಂಡು ಹೋಗುತ್ತದೆ ಎಂದು ತಿಳಿದವರು ನನ್ನನ್ನು ನೋಡಿಲ್ಲ. ಕಾಲುವೆ ಬಂದ ಮೇಲೆ ನಮ್ಮ ಶಹಾಪುರ, ಸುರಪುರದ ಕಡೆ ಎಷ್ಟೋ ಜನ ನನ್ನ ಕಣ್ಣೆದುರಿಗೇ ಮುಂದೆ ಬಂದರು. ಜೋಳ ಬಿತ್ತುತ್ತಿದ್ದವರು ಭತ್ತ ನಾಟಿ ಮಾಡಿದರು, ತಗಡಿನ ಮನೆಯವರು ಸ್ಲ್ಯಾಬ್ ಹಾಕಿಸಿದರು. ನಾನು ಅವರ ಗೃಹಪ್ರವೇಶಕ್ಕೆಲ್ಲ ಹೋಗಿ ನಿರಾಳವಾಗಿ ಹೋಳಿಗೆ ಉಂಡು ಬಂದೆ. ನನ್ನನ್ನು ಸುಟ್ಟದ್ದು ಅಂಗೈ ಅಗಲದ ಒಂದು ಮೀಟರು. ಅದೂ ಷಡ್ಡಕನ ಗಾಡಿಯದು.

ಸಂಬಂಧಗಳಲ್ಲಿ ಷಡ್ಡಕನ ಸಂಬಂಧವನ್ನು ಹೊಟ್ಟೆಕಿಚ್ಚಿಗೆಂದೇ ಮಾಡಿದಂತಿದೆ. ಅಣ್ಣತಮ್ಮಂದಿರೊಡನೆ ಜಗಳವಾಡಿ ಪಾಲು ಮಾಡಿಕೊಳ್ಳಬಹುದು. ನೆರೆಯವನಿಗೆ ಅಡ್ಡ ಗೋಡೆ ಎಬ್ಬಿಸಬಹುದು. ಷಡ್ಡಕ ಮಾತ್ರ ಹಬ್ಬಕ್ಕೊಮ್ಮೆ ಮಾವನ ಮನೆಯಲ್ಲಿ ನಮ್ಮ ಪಕ್ಕಕ್ಕೇ ಊಟಕ್ಕೆ ಕೂರುತ್ತಾನೆ. ಅವನ ತಾಟಿಗೆ ಬಿದ್ದ ತುಪ್ಪ ಕಾಣಬಾರದು ಎಂದರೆ ಕುರುಡನೇ ಆಗಬೇಕು.

ನನ್ನ ಹೆಂಡತಿ ನೀಲಮ್ಮನ ತಂಗಿಯನ್ನು ಮದುವೆಯಾದ ಸಿದ್ರಾಮ ಹುಣಸಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ನಾನು ಕಾಲುವೆಯ ಗೇಜು ಓದುವ ಕೆಲಸದವನು. ಕಾಲುವೆಯ ದಂಡೆಗೆ ಅಳತೆಯ ಪಟ್ಟಿ ಬರೆದಿರುತ್ತಾರೆ. ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ ಮೇಲಿನವರಿಗೆ ತಿಳಿಸಬೇಕು. ಮೆಟ್ರಿಕ್ ಪಾಸಾದವನಿಗೆ ಇದಕ್ಕಿಂತ ನೆಮ್ಮದಿಯ ಕೆಲಸ ಬೇರೆ ಇಲ್ಲ.

ಕಾಲುವೆಯ ಸರ್ವೆಗೆ ಬಂದ ಸಾಹೇಬರು ಮಲಗಲೆಂದು ಮಾಡಿಸಿದ್ದ ಎರಡು ವ್ಯಾನುಗಳು, ಕೆಲಸ ಮುಗಿದ ಮೇಲೆ ಹರಾಜಿಗೆ ಬಂದವು. ಒಳಗೆ ಎರಡು ಹಲಗೆಮಂಚ, ಸ್ಟೋವ್ ಇಡಲು ಕಟ್ಟೆ, ಕಿಟಕಿಗೆ ಪರದೆ. ಒಂದನ್ನು ಸಿದ್ರಾಮ ಹಿಡಿದ. ಅವನು ಹಿಡಿದನೆಂದು ಇನ್ನೊಂದನ್ನು ನಾನು ಹಿಡಿದೆ. ನೀಲಮ್ಮನಿಗೆ ಮಾತ್ರ ಇದರಲ್ಲಿ ಒಂದು ಒಳ್ಳೆಯ ಅರ್ಥ ಕಂಡಿತು.

"ನಾವು ಅಕ್ಕತಂಗೇರು ಕೂಡೋದು ಬರೇ ಮದುವಿ ಮನ್ಯಾಗ, ಇಲ್ಲಾ ಸತ್ತ ಮನ್ಯಾಗ. ಒಮ್ಮೆ ಇಬ್ರೂ ಕೂಡಿ ಹಂಪಿ ನೋಡಿ ಬರ್ತೀವ್ರಿ. ಸುಮ್ನ ಕುಂತು ಮಾತಾಡ್ತೀವಿ," ಎಂದಳು.

ಹೋಗುವುದೆಂದು ಗೊತ್ತಾಯಿತು. ಅಷ್ಟರಲ್ಲಿ ಸಿದ್ರಾಮ ತನ್ನ ಗಾಡಿಗೆ ಆಯಿಲ್ ಪ್ರೆಶರ್ ಮೀಟರು ಹಾಕಿಸಿಕೊಂಡು ಬಂದ.

ಹಳೆಯ ಗಾಡಿಗಳಲ್ಲಿ ಎಣ್ಣೆಯ ಒತ್ತಡಕ್ಕೆ ಒಂದು ಕೆಂಪು ದೀಪ ಮಾತ್ರ ಇರುತ್ತದೆ. ಅದು ಹತ್ತುವ ಹೊತ್ತಿಗೆ ಇಂಜಿನ್ನಿನ ಕಥೆ ಬಹುಪಾಲು ಮುಗಿದಿರುತ್ತದೆ; ಹೆಣ ಎತ್ತಿದ ಮೇಲೆ ಬರುವ ವೈದ್ಯನಿದ್ದಂತೆ. ಮೀಟರು ಹಾಗಲ್ಲ. ಇಂಜಿನ್ನಿನಿಂದ ಒಂದು ಸಣ್ಣ ತಾಮ್ರದ ನಳಿಗೆ ಸ್ಟೇರಿಂಗ್ ಪಕ್ಕದವರೆಗೆ ಬಂದು, ಒಂದು ಮುಳ್ಳನ್ನು ಎತ್ತಿ ಹಿಡಿಯುತ್ತದೆ. ಒಳಗಿನ ಸಮಾಚಾರ ಕ್ಷಣಕ್ಷಣಕ್ಕೂ ಕಣ್ಣ ಮುಂದೆ. ಸಿದ್ರಾಮನ ಮುಳ್ಳು ಗಟ್ಟಿಮುಟ್ಟಾಗಿ ನಡುವಿಗಿಂತ ಮೇಲೆ ನಿಂತಿತ್ತು. ನಾನು "ಚಲೋ ಆತು ಬಿಡಪಾ" ಎಂದೆ. ಆ ದಿನ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದೆ.

ವಾರದೊಳಗೆ ಶಹಾಪುರದ ಮೆಕ್ಯಾನಿಕ್ ಮೌಲಾಸಾಬನ ಬಳಿ ನಾನೂ ಹಾಕಿಸಿದೆ. ಆದರೆ ನನ್ನ ಮುಳ್ಳು ನಡುವಿಗಿಂತ ಕೆಳಗೇ ತೂಕಡಿಸಿತು.

"ನಿಮ್ಮ ಇಂಜಿನ್ ಸ್ವಲ್ಪ ಸವದದ್ರೀ. ಆದ್ರೂ ಫಿಕರ್ ಬ್ಯಾಡ್ರಿ, ಇಷ್ಟಿದ್ರ ಸಾಕು," ಎಂದ ಮೌಲಾಸಾಬ.

ಸಾಕು! ಷಡ್ಡಕನಿಗಿಂತ ಕೆಳಗಿರುವುದು ಸಾಕಾಗುವುದು ಹೇಗೆ? ಎಣ್ಣೆ ಗಟ್ಟಿಯಾದಷ್ಟೂ ಮುಳ್ಳು ಮೇಲೇಳುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಹಳೆಯ ಟ್ರ್ಯಾಕ್ಟರಿಗೆ ಹಾಕುವ, ಕಾಕಂಬಿಯಂಥ ಎಣ್ಣೆ ತಂದು ಯಾರಿಗೂ ಹೇಳದೆ ನಾನೇ ಸುರಿದೆ.

ಇಲ್ಲಿ ನನ್ನ ಮಾವನವರನ್ನು ನೆನೆಯಬೇಕು. ಅವರ ಹೊಲ ಉಪಕಾಲುವೆಯ ತೀರ ತುದಿಗಿತ್ತು. ಒಂದು ವರ್ಷ ನಾನು ಪಟ್ಟಿ ನೋಡಿ "ಕಾಲುವೆ ತುಂಬಿ ಹರೀಲಿಕ್ಕತ್ತದ" ಎಂದು ಹೆಮ್ಮೆಯಿಂದ ಹೇಳಿದಾಗ ಅವರು ನಕ್ಕಿದ್ದರು: "ಅಳಿಯಂದಿರ, ನಿಮ್ಮ ಪಟ್ಟಿ ತುಂಬ್ಯಾದ, ನನ್ನ ಹೊಲ ತುಂಬಿಲ್ಲ." ಹೋಗಿ ನೋಡಿದರೆ ನನ್ನ ಪಟ್ಟಿಯ ಕೆಳಗಡೆ ಯಾರೋ ಗೇಟು ಇಳಿಸಿದ್ದರು. ನೀರು ಮುಂದೆ ಹೋಗಲಾರದೆ ನಿಂತಲ್ಲೇ ಏರಿತ್ತು. ಏರಿದ್ದೆಲ್ಲ ಹರಿದದ್ದಲ್ಲ ಎಂಬ ಈ ಪಾಠ ನನಗೆ ಅನ್ನ ಹಾಕಿದ ಕೆಲಸದ್ದೇ. ಆದರೆ ಹೊಟ್ಟೆಕಿಚ್ಚು ಮನುಷ್ಯನಿಗೆ ಗೊತ್ತಿಲ್ಲದ್ದನ್ನು ಕಲಿಸುವುದಿಲ್ಲ, ಗೊತ್ತಿದ್ದದ್ದನ್ನೂ ಮರೆಸುತ್ತದೆ.

ಹಂಪಿಗೆ ಹೊರಟ ಬೆಳಿಗ್ಗೆ ಮೈ ನಡುಗುವ ಚಳಿ. ಅಕ್ಕತಂಗಿಯರು ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನ ಗಾಡಿಯಲ್ಲೇ ಹಿಂದೆ ಕೂತರು. ನಾನು ಇಂಜಿನ್ ಚಾಲೂ ಮಾಡಿದೆ. ಮುಳ್ಳು ಹಾರಿ ತುದಿಗೆ ಬಡಿಯಿತು. ಸಿದ್ರಾಮನನ್ನು ಕೂಗಿ ಕರೆದು ತೋರಿಸಿದೆ.

"ಭಾಳ ಮ್ಯಾಲ ಹೋಗ್ಯಾದಲ್ರಿ ಅಣ್ಣಾರ," ಎಂದ ಅವನು, ಮುಖ ಸಣ್ಣದು ಮಾಡಿ.

ಉರಿಯಿತು ಇವನಿಗೂ, ಎಂದುಕೊಂಡೆ. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ಮುಂಜಾನೆ ಇನ್ನೊಂದಿಲ್ಲ.

ಸುರಪುರದ ಗುಡ್ಡದ ಏರು ಹತ್ತುವಾಗ ಹಿಂದಿನಿಂದ ಸಿದ್ರಾಮ ಹಾರನ್ ಬಡಿಯತೊಡಗಿದ. ಮುಂದೆ ಹೋಗಬೇಕೇನೋ ಮಗನಿಗೆ! ನಾನು ರಸ್ತೆಯ ನಡುವೆ ಬಂದೆ. ಅವನು ಬಡಿದಷ್ಟೂ ನಾನು ಅಗಲವಾದೆ. ನೀಲಮ್ಮ ಹಿಂದಿನಿಂದ, "ರೀ, ಹಾದಿ ಬಿಡ್ರೀ, ನಮ್ಮವನೇ ಅಲ್ಲೇನು?" ಎಂದಳು. ನಮ್ಮವನೇ ಆದದ್ದರಿಂದಲೇ ಬಿಡಲಿಲ್ಲ. ಆಗ ಮುಳ್ಳು ಇಳಿಯತೊಡಗಿತು. ನಡುವಿಗೆ ಬಂತು, ಕೆಳಗೆ ಬಂತು, ಮಲಗಿತು. ನಾನು ಅದನ್ನು ಕಣ್ಣಾರೆ ಕಂಡೆ. ನಿಲ್ಲಿಸಿದರೆ ಅವನೆದುರು ನಿಲ್ಲಿಸಬೇಕಲ್ಲ. ಏರು ಮುಗಿಯಲಿ ಎಂದು ಆಕ್ಸಿಲರೇಟರ್ ಒತ್ತಿದೆ. ಏರು ಮುಗಿಯುವ ಮೊದಲೇ ಇಂಜಿನ್ ಒಮ್ಮೆ ಹಲ್ಲು ಕಡಿದು ನಿಂತೇಬಿಟ್ಟಿತು. ಗಟ್ಟಿ ಎಣ್ಣೆಯ ಒತ್ತಡಕ್ಕೆ ಫಿಲ್ಟರಿನ ರಬ್ಬರು ಕಿತ್ತುಹೋಗಿ ಎಣ್ಣೆಯೆಲ್ಲ ಕೆಳಗೆ ಸೋರಿತ್ತು.

ಅಕ್ಕತಂಗಿಯರು ರಸ್ತೆ ಪಕ್ಕದ ಬಂಡೆಯ ಮೇಲೆ ಕೂತು ಆ ಬುತ್ತಿಯನ್ನು ಬಿಚ್ಚಿದರು. ನೀಲಮ್ಮ ತಂಗಿಯ ಕೈಗೆ ರೊಟ್ಟಿ ಇಟ್ಟಳು. "ಹಂಪಿ ಎಲ್ಲಿ ಹೋಗ್ತದ ತೊಗೋ," ಎಂದಳು.

ನಾನು ಸಿದ್ರಾಮನಿಗೆ ಹೇಳಿದೆ: "ಕಡೀತನಕ ಮುಳ್ಳು ನೆಟ್ಟಗಽ ನಿಂತಿತ್ತಪಾ. ಈ ಮೀಟರ್ ಅನ್ನೋದಽ ಖೋಟಾ ಮಾಲು. ನಂಬಬ್ಯಾಡ."

ಅವನು ನನ್ನ ಮುಖ ನೋಡಿದ. "ಹೌದೇನ್ರಿ? ಹಂಗಾರ ನನ್ನದೂ ತೆಗಸ್ತೀನಿ ಬಿಡ್ರಿ," ಎಂದ. ತೆಗೆಸಿಯೂ ಬಿಟ್ಟ. ಆಮೇಲೆ ಅವನ ಗಾಡಿಯಲ್ಲಿ ಮೀಟರಿದ್ದ ಜಾಗದಲ್ಲಿ ಒಂದು ತೂತು ಉಳಿಯಿತು. ಅದೇ ಗಾಡಿಯಲ್ಲಿ ನಾವು ನಾಲ್ವರೂ ಹಂಪಿಗೂ ಹೋಗಿ ಬಂದೆವು. ಮಂಚದ ಮೇಲೆ ಅಕ್ಕತಂಗಿಯರು ಹಾದಿಯುದ್ದಕ್ಕೂ ಮಾತಾಡಿದರು, ನಕ್ಕರು. ನಾನು ಮುಂದೆ ಕೂತು ಆ ತೂತನ್ನೇ ನೋಡುತ್ತಿದ್ದೆ. ವಿಜಯನಗರದಷ್ಟೇ ದೊಡ್ಡ ಹಾಳು ನನಗೆ ಅಲ್ಲಿ ಕಂಡಿತು. ನನ್ನ ಸುಳ್ಳನ್ನು ನಂಬಿ ಕುರುಡಾಗಿ ಗಾಡಿ ಓಡಿಸುತ್ತಿದ್ದಾನೆ ಪಾಪದವನು. ಒಂದು ದಿನ ಇವನ ಇಂಜಿನ್ನೂ ಹೋದರೆ? ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ. ಚಹಾ ಕುಡಿದು ಮುಚ್ಚುತ್ತಿದ್ದೆ. ಹೀಗೇ ವರ್ಷಗಳು ಹೋದವು.

ಈಚೆಗೆ ಹುಣಸಗಿಯಲ್ಲಿ ಬಿ.ಪಿ. ನೋಡುವವರು ಬಂದಿದ್ದರು. ಇಬ್ಬರೂ ಮುದುಕರು ತೋಳು ಚಾಚಿದೆವು. ಸಿದ್ರಾಮನದು ಸರಿಯಾಗಿತ್ತು. ನನ್ನದು ಅವನದಕ್ಕಿಂತ ಬಹಳ ಮೇಲೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ಮಿಟುಕಿಸುವಷ್ಟು ಹೊತ್ತು ನನಗೆ ಸಂತೋಷವೇ ಆಯಿತು.

ಸಿದ್ರಾಮ ನಕ್ಕ. "ಮ್ಯಾಲ ಏರ್ಯಾದಂದ್ರ ಕೆಳಗ ಎಲ್ಲೋ ಗೇಟ್ ಬಂದ್ ಆಗ್ಯಾದ್ರಿ ಅಣ್ಣಾರ. ಮಾವನವರು ಹೇಳ್ತಿದ್ದಿಲ್ಲೇನು?"

ಗೇಟು ಯಾವುದೆಂದು ನನಗೆ ಗೊತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ: ಎಣ್ಣೆ, ಮುಳ್ಳು, ಸುಳ್ಳು.

"ನಾ ಹಿಂದ ಬರಾಕತ್ತಿದ್ದೆನ್ರೀ. ರಸ್ತಾ ತುಂಬ ನಿಮ್ಮ ಗಾಡಿ ಎಣ್ಣಿ. ಮತ್ತ್ಯಾಕ ಹಾರನ್ ಹೊಡದೆ ಅಂತ ತಿಳಿದ್ರಿ?"

"ಗೊತ್ತಿದ್ದೂ ನಿಂದ್ಯಾಕ ತೆಗಸಿದ್ಯೋ?"

"ಇಲ್ಲಾಂದ್ರ ನೀವು ಅದನ್ನ ನೋಡಿ ನೋಡೀ ಸೊರಗ್ತಿದ್ರಿ. ನೀಲಮ್ಮಕ್ಕ ನನಗ ಹುಗ್ಗಿ ಮಾಡಿ ಹಾಕಾಕಿ. ನಿಮ್ಮನ್ನ ಸೊರಗಿಸಿ ನಾ ಉಣ್ಣಾಕ ಆಗ್ತದೇನು?"

ಕ್ಷಮೆ ಸಿಕ್ಕರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹೊಸದೊಂದು ಉರಿ ಶುರುವಾಯಿತು. ಮೀಟರನ್ನಾದರೆ ಮೌಲಾಸಾಬ ಕೂರಿಸಿಕೊಟ್ಟಿದ್ದ. ಇಂಥ ಮನಸ್ಸನ್ನು ಯಾರ ಗ್ಯಾರೇಜಿನಲ್ಲಿ ಕೇಳಲಿ?

ಮರುದಿನ ಸಿದ್ರಾಮನ ಅಂಗಡಿಯಲ್ಲಿ ರಸೀದಿಗಳ ಮೇಲೆ ಭಾರಕ್ಕೆಂದು ಇಟ್ಟಿದ್ದ ಆ ಹಳೆಯ ಮೀಟರನ್ನು ಕಿತ್ತುಕೊಂಡು, ಅವನ ಗಾಡಿಯಲ್ಲೇ ಅವನನ್ನು ಶಹಾಪುರಕ್ಕೆ ಎಳೆದುತಂದೆ. ಮೌಲಾಸಾಬನ ಮಗ ಹೊಸ ತಾಮ್ರದ ನಳಿಗೆ ಹಾಕಿ ಆ ತೂತಿನಲ್ಲಿ ಕೂರಿಸಿದ. ಸಿದ್ರಾಮ ಕೀಲಿ ತಿರುವಿದ. ಮುಳ್ಳು ನಿಧಾನವಾಗಿ ಎದ್ದು ನಡುವಿಗಿಂತ ಮೇಲೆ ನಿಂತಿತು. ನನ್ನ ಹೊಟ್ಟೆಯಲ್ಲೂ ಹಳೆಯ ಕಿಚ್ಚು ಚೂರು ಎದ್ದಿತು.

ಎರಡೂ ಇನ್ನೂ ಕೆಲಸ ಮಾಡುತ್ತಿವೆ ಎಂದುಕೊಂಡು, ಚಹಾ ಹೇಳಿದೆ.