ಶಾಂತವಾದ ದೀಪ

ಮಕ್ಕಳೇ, ನಿಮ್ಮ ಅಜ್ಜ ದುಬೈಯ ಅಲ್ ಕೂಜ್‌ನಲ್ಲಿ ಒಂದು ಕಂಪನಿಗೆ ಹೊಸದಾಗಿ ಸೇರಿದ್ದರು. ಅಲ್ಲಿನ ಕಂಪ್ಯೂಟರುಗಳನ್ನು ಜೆಬೆಲ್ ಅಲಿಯ ಗೋದಾಮಿನ ಕಂಪ್ಯೂಟರುಗಳಿಗೆ ಟೆಲಿಫೋನ್ ತಂತಿಯಿಂದ ಜೋಡಿಸಿ ನೋಡಿಕೊಳ್ಳುವುದು ಅವರ ಕೆಲಸ. ಅದಿನ್ನೂ ಕಾಯಂ ಆಗಿರಲಿಲ್ಲ. ಆಗದಿದ್ದರೆ ವೀಸಾ ಹೋಗಿ, ಪುಟ್ಟ ಮಗುವಾಗಿದ್ದ ನಿಮ್ಮ ಅಮ್ಮನನ್ನು ಎತ್ತಿಕೊಂಡು ನಾವು ಊರಿಗೆ ಮರಳಬೇಕಿತ್ತು.

ಒಂದು ಶುಕ್ರವಾರ ಆ ಜೋಡಣೆ ಕಡಿದುಹೋಯಿತು. ಅಜ್ಜ ತಮ್ಮ ಅಧಿಕಾರಿಯ ಜೊತೆ ಜೆಬೆಲ್ ಅಲಿಗೆ ಓಡಿದರು. ಅಧಿಕಾರಿ ಉಡುಪಿ ಕಡೆಯವರು. ಕಾಯಂ ಮಾಡುವುದು ಬಿಡುವುದು ಅವರ ಕೈಯಲ್ಲಿತ್ತು. ರಜೆಯಾದ್ದರಿಂದ ಆಫೀಸಿನಲ್ಲಿ ಯಾರೂ ಇರಲಿಲ್ಲ. ಅದರ ಮೇಲಿನ ಮನೆಯಲ್ಲಿ, ನಿದ್ದೆಹೋಗಿದ್ದ ನಿಮ್ಮ ಅಮ್ಮನನ್ನು ಬಿಟ್ಟರೆ, ನಾನೊಬ್ಬಳೇ. ಫೋನ್ ಮಾಡಿದಾಗ ಬೀರುವಿನ ಮೇಲ್ಸಾಲಿನಲ್ಲಿ ಟೆಲಿಫೋನ್ ತಂತಿ ಬಂದು ಸೇರುವ ಮೋಡೆಮ್ ಪೆಟ್ಟಿಗೆಯ ದೀಪಗಳನ್ನು ನೋಡಿ ಹೇಳು ಎಂದು ಅಜ್ಜ ಬೀಗದ ಕೈ ಕೊಟ್ಟು ಹೋಗಿದ್ದರು.

ಆಫೀಸಿನ ಕಂಪ್ಯೂಟರ್ ಕೋಣೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿ ಬಾಗಿಲಲ್ಲೇ ಬಿಟ್ಟೆ. ಕಬ್ಬಿಣದ ಬೀರುವಿನ ತುಂಬ ಸಾಸಿವೆಯಷ್ಟು ಸಣ್ಣ ಹಸಿರು ದೀಪಗಳು. ಎಣ್ಣೆಯಿಲ್ಲ, ಬತ್ತಿಯಿಲ್ಲ, ನೋಡುವವರೂ ಇಲ್ಲ. ತಮ್ಮ ಪಾಡಿಗೆ ಮಿಟುಕುತ್ತಿದ್ದವು.

ಅಲ್ಲಿದ್ದ ಫೋನ್ ಹೊಡೆದುಕೊಂಡಿತು; ಮಾತಾಡಿದವರು ಅಜ್ಜ ಅಲ್ಲ, ಅಧಿಕಾರಿ. ಗುರುತಿಲ್ಲದ ಗಂಡಸಿನ ದನಿ ಕೇಳಿ ಸೆರಗು ಹೊದ್ದುಕೊಂಡೆ. ಮೋಡೆಮಿನ ಮೂರನೆಯ ದೀಪ ಹೇಗಿದೆ ಎಂದು ಕೇಳಿದರು. ಅದು ಉರಿಯುತ್ತಿರಲಿಲ್ಲ. ದೀಪ ಆರಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಶುಭವೆಂದು. "ಶಾಂತವಾಗಿದೆ" ಎಂದೆ. ಮಿಟುಕದೆ ಸಮನಾಗಿ ಉರಿಯುತ್ತಿದೆ ಎಂದು ಅವರು ತಿಳಿದರು. ಅಲ್ ಕೂಜ್ ಕಡೆ ಸರಿಯಿದೆ ಎಂದಮೇಲೆ ತಪ್ಪು ಅಜ್ಜ ಜೆಬೆಲ್ ಅಲಿಯಲ್ಲಿ ಕೂಡಿಸಿದ ಅಂಥದೇ ಇನ್ನೊಂದು ಪೆಟ್ಟಿಗೆಯದೇ ಎಂದು ಅದನ್ನು ಬಿಚ್ಚಿಸಿದರು. ಅಜ್ಜ ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ ಸೋತರು. ಇಷ್ಟು ತಿಳಿಯದವರನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಅಧಿಕಾರಿ ಮುಖಕ್ಕೇ ಅಂದರಂತೆ. ಕೊನೆಗೆ ಅಜ್ಜ, ನನ್ನ ಹೆಂಡತಿ ಯಾವ ಮಾತು ಹೇಳಿದಳು ಸಾರ್ ಎಂದು ವಿಚಾರಿಸಿದರು. 'ಶಾಂತ' ಎಂಬ ಮಾತು ಕಿವಿಗೆ ಬಿದ್ದದ್ದೇ ತಾವೇ ಫೋನ್ ಮಾಡಿದರು.

"ಲೇ ಇವಳೇ, ದೇವರ ಮನೇಲಿ ಶಾಂತ ಆಗುತ್ತಲ್ಲ, ಹಂಗಾ?"

"ಹೂಂ ರೀ, ಹಂಗೇ."

ಹಿಂದಿನ ವೈರು ಮುಟ್ಟಿ ನೋಡು ಎಂದರು. ಸಡಿಲವಾಗಿತ್ತು, ಒತ್ತಿದೆ. ದೀಪ ಒಂದೆರಡು ಸಲ ಮಿಟುಕಿ, ನಿಂತು ಉರಿಯಿತು. "ಈಗ ಕೊನೇದನ್ನ ನೋಡ್ತಿರು" ಎಂದು ಅವರು ಅಲ್ಲಿ ಜೋಡಣೆ ಪರೀಕ್ಷಿಸುವ ಯಾವುದೋ ಗುಂಡಿ ಒತ್ತಿದರು. ಅದುವರೆಗೆ ಕಪ್ಪಗಿದ್ದ ಕೊನೆಯ ದೀಪ ನನ್ನ ಕಣ್ಣೆದುರು ಕೆಂಪಗೆ ಬೆಳಗಿತು. ನಡುವೆ ಅಷ್ಟು ಮರಳು, ಅಷ್ಟು ರಸ್ತೆ; ಅವರ ಬೆರಳು ಇಲ್ಲಿಗೆ ಬಂದು ಮುಟ್ಟಿತ್ತು. ಇನ್ನೊಂದು ಸಲ ಮಾಡಿ ಎಂದೆ. ಮಾಡಿದರು.

ಆಮೇಲೆ ಅಧಿಕಾರಿಯ ದನಿ ಬಂತು. "ಅಕ್ಕ, ನಿಮ್ಮ ಯಜಮಾನ್ರ ಕೆಲಸದಲ್ಲಿ ತಪ್ಪಿಲ್ಲ ಮಾರಾಯ್ರೆ. ಕಾಯಂ ಮಾಡ್ಲಿಕ್ಕೆ ನಾಳೆಯೇ ಬರೀತೇನೆ. ನೀವು ಮಾತ್ರ ಇನ್ನು ಆಫ್ ಅಂತ ಹೇಳಿ, ಆಯ್ತಾ?"

ನಾನು ತಲೆಯಾಡಿಸಿದೆ. ಫೋನಿನಲ್ಲಿ ಅದು ಕಾಣುವುದಿಲ್ಲ ಎಂದು ಹೊಳೆಯುವಷ್ಟರಲ್ಲಿ ಅವರು ನಗುತ್ತ ಫೋನಿಟ್ಟಿದ್ದರು. ನಾನು ಬೀಗ ಹಾಕದೆ, ಆ ಕೆಂಪು ಮತ್ತೊಮ್ಮೆ ಬಂದೀತೇನೋ ಎಂದು ನೋಡುತ್ತ ನಿಂತೇ ಇದ್ದೆ.