ಕಥೆಯಲ್ಲಿ ಸತ್ತ ನನ್ನ ಅವ್ವ

“ನಿಂದ್ರ ತಮ್ಮಾ, ಅದನ್ನ ಮತ್ತೊಮ್ಮಿ ಓದು” ಎಂದಳು ಅವ್ವ. ಸೊಲ್ಲಾಪುರದ ನಮ್ಮ ಮನೆಯಲ್ಲಿ ಅವಳು ಬೀಡಿ ಕಟ್ಟುತ್ತ ಕುಳಿತಿದ್ದಳು. ನಾನು ಆಗಷ್ಟೇ ಕೊಂಡು ತಂದ ಕಥಾಸಂಕಲನವನ್ನು ಓದಿ ಹೇಳುತ್ತಿದ್ದೆ. ಅದನ್ನು ಬರೆದ ಲೇಖಕರ ಮೊದಲ ಕಾದಂಬರಿಯನ್ನು ಎಲ್ಲರೂ ಹೊಗಳಿದ್ದರು, ನಾನಂತೂ ಎರಡು ಸಲ ಓದಿದ್ದೆ. ಅಕ್ಕಲಕೋಟೆಗೆ ಭಾಷಣಕ್ಕೆ ಬಂದಿದ್ದ ಅವರು, ಹಿಂದಿರುಗುವಾಗ ನಾನು ಕರೆದೆನೆಂದು ನಮ್ಮ ಮನೆಗೂ ಬಂದಿದ್ದರು. ಅವ್ವ ಬೀಡಿ ಕಟ್ಟಿ ನನ್ನನ್ನು ಬಿ.ಎ. ಓದಿಸಿದ್ದನ್ನೆಲ್ಲ ಕೇಳಿ ಬರೆದುಕೊಂಡು ಹೋಗಿದ್ದರು.

ಮತ್ತೆ ಓದಿದೆ. ಕಥೆಯಲ್ಲಿ ನಮ್ಮ ಓಣಿ ಇತ್ತು, ನನ್ನ ಹರಿದ ಅಂಗಿಯೂ ಇತ್ತು. ಆದರೆ ಹುಡುಗನ ತಾಯಿ ಅವನ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಅವನನ್ನು ಓದಿಸಿದವರು ಊರಿನ ಕರುಣಾಳು ಇನಾಮದಾರರು!

“ನಾ ಸತ್ತೀನೇನು? ಮತ್ತ ಈ ಬೀಡಿ ಕಟ್ಟಾಕತ್ತಿದ್ದು ಯಾರು, ನನ್ನ ದೆವ್ವಾ? ನಮ್ಮೂರ ಇನಾಮದಾರ ನಿನ್ನ ಸಾಲಿ ಬಿಡಿಸಿ ದನಾ ಕಾಯಾಕ ಕಳಸು ಅಂದಿದ್ದ. ಆ ಸಾಹೇಬ್ರು ಇಲ್ಲೇ ಕುಂತು ನನ್ನ ಕೈಲೆ ಚಹಾ ಇಸ್ಕೊಂಡು ಕುಡದು ಹೋಗ್ಯಾರಲ್ಲೋ!”

ನನಗೆ ಮೈ ಉರಿಯಿತು. ಅಂದೇ ಲೇಖಕರಿಗೆ ಕಾಗದ ಬರೆದೆ. ಹಾಗೆ ಬರೆದರೆ ಓದುಗರಿಗೆ ಹಿಡಿಸುತ್ತದೆ ಎಂದು ಕಾರ್ಡಿನಲ್ಲಿ ಒಂದೇ ಸಾಲಿನ ಉತ್ತರ ಬಂತು.

ನಾನೂ ಓದುಗನೇ, ನನಗೆ ಹಿಡಿಸಲಿಲ್ಲ. ಬದುಕಿರುವವಳನ್ನು ಕೊಂದು, ಅವಳ ದುಡಿಮೆಯನ್ನು ಇನಾಮದಾರನ ಹೆಸರಿಗೆ ಬರೆಯಲು ಇವರಿಗೆ ಹೇಳಿದವರು ಯಾರು? ನನ್ನನ್ನು ಓದಿಸಿದವಳು ನನ್ನ ಅವ್ವ. ನಿಮ್ಮ ಪತ್ರಿಕೆಯಲ್ಲಿ ಇಷ್ಟಾದರೂ ಅಚ್ಚಾಗಲಿ, ಅವಳಿಗೆ ಓದಿ ಹೇಳುತ್ತೇನೆ.