ಮಸ್ಕಿ ಗುಡ್ಡದ ಬಳೆಯ ಹುಡುಗಿ

ಹೊಸ ಹೆಂಡತಿಯನ್ನು ಜನ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ. ನಾನು ಕಮಲಾಳನ್ನು ಮಸ್ಕಿಯ ಗುಡ್ಡ ಹತ್ತಿಸಿದೆ, ಅದೂ ಬೇಸಿಗೆಯ ಮಧ್ಯಾಹ್ನ. ಊರಿನ ಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದ ನನಗೆ ಬಿಸಿಲು, ಬಾಯಾರಿಕೆ ಮುಂತಾದ ವರ್ತಮಾನದ ಸಂಗತಿಗಳು ಗಣನೆಗೇ ಬರುತ್ತಿರಲಿಲ್ಲ.

ಕೆಳಗೆ ಸಿಂಧನೂರಿನ ದಾರಿ, ಲಿಂಗಸುಗೂರಿನ ದಾರಿ, ಮುದಗಲ್ಲಿನ ದಾರಿ ಬಂದು ಕೂಡುತ್ತಿದ್ದವು. ಸಾವಿರ ವರ್ಷದ ಹಿಂದೆಯೂ ಇದು ದಾರಿಗಳು ಕೂಡುವ ಪಟ್ಟಣವೇ. ಚೋಳರೂ ಚಾಲುಕ್ಯರೂ ಹೊಡೆದಾಡಿದ ಮುಸಂಗಿ ಇದೇ ಎಂದು ಬಲ್ಲವರಲ್ಲಿ ಕೆಲವರ ಅಭಿಪ್ರಾಯ. ಆನೆಗಳು ಯಾವ ಕಡೆಯಿಂದ ಬಂದಿರಬೇಕು, ಪೇಟೆ ಎಲ್ಲಿ ನೆರೆದಿರಬೇಕು, ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಹೇಳಿದೆ.

ಕಮಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲ್ಲಾರೂ ಬಂದ್ರು, ಹೊಡದಾಡಿದ್ರು, ಹೋದ್ರು. ಅವರಿಗೆ ರೊಟ್ಟಿ ಬಡದು ಹಾಕಿದಾಕಿ ಯಾರ್ರೀ?"

"ಅದನ್ನ ಯಾವ ಶಾಸನದಾಗೂ ಬರದಿಲ್ಲ."

"ಹಂಗಾರ ಇಳೀರಿ."

ಪಂಚಮಿಗೆಂದು ದಢೇಸುಗೂರಿನ ತವರಿಗೆ ಹೋದವಳು ಹಬ್ಬ ಮುಗಿದರೂ ಬರಲಿಲ್ಲ. ಕರೆಯಲು ಹೋದೆ. ಕಾಲುವೆಯ ನೀರು ಬಂದ ಹೊಸತು. ಜೋಳದ ಊರು ಭತ್ತದ ಊರಾಗಿತ್ತು. ಗದ್ದೆಯ ಬದುವಿನ ಮೇಲೆ ನಡೆಯುತ್ತ ಮಾವ, "ಸಿಂಧನೂರಾಗ ಮನಿ ಮಾಡ್ರಿ. ಆ ಕಲ್ಲಿನ ಊರಾಗ ಏನೈತಿ?" ಎಂದರು. ನನ್ನ ಚಾಲುಕ್ಯರು ಯಾರೂ ನೆರವಿಗೆ ಬರಲಿಲ್ಲ. ಕಮಲಾಳ ಎದುರು ಕುಳಿತು, "ನಿಮ್ಮಪ್ಪ ಹೇಳಿದಂಗ ಆಗಲಿ. ವರ್ಗ ಮಾಡಿಸ್ಕೋತೀನಿ," ಎಂದೆ.

"ಅದು ಆಮ್ಯಾಲ ನೋಡೂಣು. ರೊಟ್ಟಿ ಬಡದಾಕಿ ಯಾರಂತ ನಾ ಕೇಳಿದ್ದಕ್ಕ ಇನ್ನಾ ಉತ್ತರ ಕೊಟ್ಟಿಲ್ಲ ನೀವು," ಎಂದು ಬಟ್ಟೆಯ ಗಂಟು ಕಟ್ಟಿದಳು.

ಮಸ್ಕಿಗೆ ಮರಳಿದ ಮೇಲೆ, ಮಳೆ ಬಿದ್ದ ಮರುದಿನ ಬೆಳಿಗ್ಗೆ, ಇಬ್ಬರೂ ಗುಡ್ಡದ ಬುಡದಲ್ಲಿ ಅಡ್ಡಾಡಿದೆವು. ಈ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಮಳೆ ತೊಳೆದ ಮಣ್ಣಿನಿಂದ ಕಮಲಾ ಒಂದು ಚೂರು ಎತ್ತಿದಳು. ಶಂಖದ ಬಳೆಯ ತುಂಡು. ಯಾವ ಕಾಲದ್ದೋ ನನಗೂ ತಿಳಿಯಲಿಲ್ಲ. ಅದರ ಬಾಗನ್ನು ತನ್ನ ಮಣಿಕಟ್ಟಿಗೆ ಹಿಡಿದು ನೋಡಿದಳು.

"ನೋಡ್ರೀ, ಇಕಿ ಕೈ ನನಗಿಂತ ಸಣ್ಣದೈತಿ. ಮದಿವ್ಯಾಗಿ ಹೊಸದಾಗಿ ಬಂದಿರಬೇಕು, ಪಾಪ."

ತುಂಡನ್ನು ಸಿಕ್ಕಲ್ಲೇ ಇಟ್ಟು ಮಣ್ಣು ಮುಚ್ಚಿದಳು. ವರ್ಗದ ಮಾತು ಮತ್ತೆ ಬರಲಿಲ್ಲ. ನಮ್ಮ ಸಂಸಾರ ಮಸ್ಕಿಯಲ್ಲೇ ಸಾಗಿತು. ಊರಿನ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಚೋಳರಿಗಿಂತ ಮೊದಲು ಆ ಬಳೆಯ ಹುಡುಗಿಯ ವಿಷಯ ಹೇಳುತ್ತಿದ್ದೆ. ಅವಳ ಹೆಸರೇನೆಂದು ಯಾರಾದರೂ ಕೇಳಿದರೆ, ಕಮಲಾ ಎಂದುಬಿಡುತ್ತಿದ್ದೆ.